ಸಿಗರೇಟಿನ ಚಿತ್ರಪಟದಿಂದ ಹುಟ್ಟಿದ ರಾಧೆ

ಕೆಲವು ವರ್ಷಗಳ ಹಿಂದೆ ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳ ಸಹಪಾಠಿಯೊಬ್ಬಳು ‘ಭಾರತದ ದೇವತೆ’ ಎಂಬ ನೃತ್ಯ ಮಾಡಿದಳು. ಹಣೆಗೆ ಬೊಟ್ಟು, ಸೊಂಟಕ್ಕೆ ಮಿನುಗುವ ಪಟ್ಟಿ, ಕೈಯಲ್ಲಿ ಯಾವ ಶಾಸ್ತ್ರಕ್ಕೂ ಸೇರದ ಮುದ್ರೆಗಳು. ಸಭಾಂಗಣವೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿತು. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಭರತನಾಟ್ಯ ಕಲಿಯುತ್ತಿದ್ದ ನನ್ನ ಮಗಳ ಅಲರಿಪು ಮಾತ್ರ ‘ಸಮಯ ಸಾಲದು’ ಎಂಬ ಕಾರಣಕ್ಕೆ ಪಟ್ಟಿಯಿಂದ ಬಿಟ್ಟುಹೋಗಿತ್ತು. ಮನೆಗೆ ಬರುವಾಗ ಕಾರಿನಲ್ಲಿ ಅವಳು ಒಂದು ಮಾತೂ ಆಡಲಿಲ್ಲ. ನಾನು ದಾರಿಯುದ್ದಕ್ಕೂ ಬೈಯುತ್ತಲೇ ಇದ್ದೆ.

ಆ ಸಿಟ್ಟಿನಲ್ಲೇ ಒಂದು ಶನಿವಾರ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿರುವ ಪ್ರದರ್ಶನ ಕಲೆಗಳ ಗ್ರಂಥಾಲಯಕ್ಕೆ ಹೋದೆ. ಈ ದೇಶ ನಮ್ಮಿಂದ ಕದ್ದದ್ದು ಇಂದು ನಿನ್ನೆಯ ಸಂಗತಿಯಲ್ಲ ಎಂದು ತೋರಿಸಲು ಸಾಕ್ಷಿ ಬೇಕಿತ್ತು. ಸಾಕ್ಷಿ ಸಿಕ್ಕಿತು. ಆದರೆ ನಾನು ಹುಡುಕಿಕೊಂಡು ಹೋದ ರೂಪದಲ್ಲಿ ಅಲ್ಲ.

1904ರಲ್ಲಿ ಬಫಲೋ ಊರಿನಲ್ಲಿ ಒಂದು ನಾಟಕ ತಂಡ ಬೀಡುಬಿಟ್ಟಿತ್ತು. ಪ್ರಸಿದ್ಧ ನಿರ್ಮಾಪಕ ಡೇವಿಡ್ ಬೆಲಾಸ್ಕೋನ ಆ ತಂಡದಲ್ಲಿ ರೂತ್ ಸೇಂಟ್ ಡೆನಿಸ್ ಎಂಬ ನಟಿಯಿದ್ದಳು. ಅವಳಿಗಾಗ ಇಪ್ಪತ್ತೈದರ ಆಸುಪಾಸು. ಅಲ್ಲಿನ ಔಷಧಿ ಅಂಗಡಿಯೊಂದರಲ್ಲಿ ಅವಳಿಗೆ ‘ಈಜಿಪ್ಶಿಯನ್ ಡೀಟೀಸ್’ ಎಂಬ ಸಿಗರೇಟಿನ ಜಾಹೀರಾತು ಕಂಡಿತು. ಕಲ್ಲಿನ ದ್ವಾರದ ಕೆಳಗೆ ಅಲ್ಲಾಡದೆ ಕುಳಿತ ಐಸಿಸ್ ದೇವತೆಯ ಚಿತ್ರ. ಅವಳು ಆ ಪಟವನ್ನು ತರಿಸಿಕೊಂಡು ಕೋಣೆಯಲ್ಲಿ ಇಟ್ಟುಕೊಂಡಳು. ಆ ದೇವತೆಯ ನಿಶ್ಚಲತೆಯೇ ತಾನಾಗಬೇಕು ಎನ್ನಿಸಿತಂತೆ. ಅಮೆರಿಕದ ಆಧುನಿಕ ನೃತ್ಯದ ಒಂದು ದೊಡ್ಡ ಕವಲು ಹೀಗೆ ತಂಬಾಕಿನ ಜಾಹೀರಾತಿನಿಂದ ಒಡೆಯಿತು.

ಐಸಿಸ್ ಈಜಿಪ್ಟಿನವಳು. ಅವಳಿಂದ ಭಾರತಕ್ಕೆ ದಾರಿ ತೋರಿಸಿದ್ದು ಕೋನಿ ಐಲ್ಯಾಂಡ್. ನ್ಯೂಯಾರ್ಕಿನ ಜನ ರಜೆ ಕಳೆಯುವ ಆ ಕಡಲತೀರದ ಲೂನಾ ಪಾರ್ಕಿನಲ್ಲಿ ಆಗ ದೆಹಲಿ ದರ್ಬಾರನ್ನು ನಕಲು ಮಾಡಿದ ಪ್ರದರ್ಶನವೊಂದು ನಡೆಯುತ್ತಿತ್ತು. ಆನೆಗಳು, ಹಾವಾಡಿಗರು, ನಾಚ್ ಕುಣಿಯುವ ಹೆಂಗಸರು. ರೂತ್ ಅವರನ್ನು ನೋಡಿದಳು, ಪುಸ್ತಕಗಳನ್ನು ಓದಿದಳು, ತಾನೇ ಒಂದು ನೃತ್ಯ ಕಟ್ಟಿದಳು. ಅದರ ಹೆಸರು ‘ರಾಧಾ’. 1906ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಅದು ಮೊದಲ ಸಲ ರಂಗಕ್ಕೆ ಬಂತು.

ಅದರ ವಿವರ ಓದುತ್ತಾ ನನಗೆ ನಗು ಬಂತು. ಈ ರಾಧೆ ಇರುವುದು ಜೈನ ಬಸದಿಯಲ್ಲಿ! ಸಂಗೀತ ಫ್ರಾನ್ಸಿನ ದೆಲೀಬ್‌ನ ‘ಲಾಕ್ಮೆ’ ಎಂಬ ಆಪೆರಾದ್ದು. ವಿಗ್ರಹವಾಗಿ ಕುಳಿತವಳು ಜೀವ ತಳೆದು ಎದ್ದು ಒಡವೆ, ಗೆಜ್ಜೆ, ಹೂಮಾಲೆ, ಪಾನಪಾತ್ರೆ ಮುಂತಾದವುಗಳೊಂದಿಗೆ ಪಂಚೇಂದ್ರಿಯಗಳ ಸುಖವನ್ನು ಒಂದೊಂದಾಗಿ ಕುಣಿದು, ಕೊನೆಗೆ ಎಲ್ಲವನ್ನೂ ತೊರೆದು ಪೀಠಕ್ಕೆ ಮರಳುತ್ತಾಳೆ. ಇದರಲ್ಲಿ ಕೃಷ್ಣನಿಲ್ಲ, ಯಮುನೆಯಿಲ್ಲ, ವಿರಹವೂ ಇಲ್ಲ. ಆದರೂ ಇಂಥ ನೃತ್ಯ ಲಂಡನ್, ಬರ್ಲಿನ್, ವಿಯೆನ್ನಾಗಳಲ್ಲಿ ಜನರನ್ನು ಮರುಳು ಮಾಡಿತು. ಮುಂದೆ 1915ರಲ್ಲಿ ಅವಳೂ ಗಂಡ ಟೆಡ್ ಶಾನ್‌ನೂ ಲಾಸ್ ಏಂಜಲೀಸ್‌ನಲ್ಲಿ ‘ಡೆನಿಶಾನ್’ ಶಾಲೆ ತೆರೆದರು. ಆಧುನಿಕ ನೃತ್ಯದ ತಾಯಿಬೇರು ಎನಿಸಿಕೊಂಡ ಮಾರ್ತಾ ಗ್ರಹಾಂ ಕಲಿತದ್ದು ಅಲ್ಲಿಯೇ.

ಕೋನಿ ಐಲ್ಯಾಂಡಿನ ಆ ಕುಣಿತದವರು ಏನಾದರು? ಪ್ರಿಯಾ ಶ್ರೀನಿವಾಸನ್ ಎಂಬ ವಿದ್ವಾಂಸೆ 2012ರ ‘ಸ್ವೆಟಿಂಗ್ ಸಾರೀಸ್’ ಪುಸ್ತಕದಲ್ಲಿ ಕೇಳುವುದು ಇಂಥದೇ ಪ್ರಶ್ನೆ. ರೂತ್ ಕಲಿತದ್ದು ಪುಸ್ತಕದಿಂದಷ್ಟೇ ಅಲ್ಲ, ಕೂಲಿಗೆ ಕುಣಿಯುತ್ತಿದ್ದ ಭಾರತೀಯರ ಮೈಯಿಂದ ಎನ್ನುತ್ತಾರೆ ಅವರು. ಡೆನಿಶಾನ್ ಶಾಲೆ ಶುರುವಾಗಿ ಎರಡೇ ವರ್ಷಕ್ಕೆ, 1917ರಲ್ಲಿ, ಅಮೆರಿಕ ಕಾನೂನು ಮಾಡಿ ಭಾರತೀಯರ ವಲಸೆಯನ್ನೇ ತಡೆಯಿತು. ಭಾರತದ ನೃತ್ಯ ಬೇಕು, ನರ್ತಕಿ ಬೇಡ ಎಂದ ಹಾಗಾಯಿತು.

ಇಲ್ಲಿಯವರೆಗೆ ಓದಿದಾಗ ನನ್ನ ಸಿಟ್ಟಿಗೆ ಬೇಕಾದ್ದೆಲ್ಲ ಸಿಕ್ಕಿತ್ತು. ಅಷ್ಟಕ್ಕೇ ಪುಸ್ತಕ ಮುಚ್ಚಿ ಬರಬಹುದಿತ್ತು. ಆದರೆ 1906 ಎಂಬ ಇಸವಿ ಎಲ್ಲೋ ಕೇಳಿದ್ದು ಎನ್ನಿಸತೊಡಗಿತು. ಆಮೇಲೆ ನೆನಪಾಯಿತು. ಕೆ. ವೆಂಕಟಲಕ್ಷಮ್ಮನವರು ಹುಟ್ಟಿದ ವರ್ಷ ಅದು.

ಕಡೂರಿನ ಕಡೆಯ ತಾಂಡಾ ಒಂದರ ಲಂಬಾಣಿ ಮನೆಯಲ್ಲಿ ಹುಟ್ಟಿದ ಹುಡುಗಿ ಎಂಟನೆಯ ವಯಸ್ಸಿಗೆ ಮೈಸೂರಿನಲ್ಲಿ ಜಟ್ಟಿ ತಾಯಮ್ಮನವರ ಶಿಷ್ಯೆಯಾದಳು. ಅಷ್ಟಪದಿ, ಕ್ಷೇತ್ರಯ್ಯನ ಪದ, ಅಮರುಶತಕಗಳಿಗೆ ಅಭಿನಯ ಮಾಡುವುದನ್ನು ಕಲಿತಳು. 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅವರನ್ನು ಆಸ್ಥಾನ ವಿದುಷಿಯಾಗಿ ನೇಮಿಸಿಕೊಂಡರು. ಅಷ್ಟಪದಿಯ ರಾಧೆ ಮುನಿಯುತ್ತಾಳೆ, ಕಾಯುತ್ತಾಳೆ, ಅನುಮಾನ ಪಡುತ್ತಾಳೆ. ನ್ಯೂಯಾರ್ಕಿನ ರಾಧೆಗೆ ಇದಾವುದೂ ಗೊತ್ತಿರಲಿಲ್ಲ.

ಹಾಗಾದರೆ ನಿಜವಾದ ರಾಧೆಯನ್ನು ನಾವು ತಲೆಯ ಮೇಲೆ ಹೊತ್ತು ಮೆರೆಸಿದೆವೇ? ರೂತ್ ಯುರೋಪಿನಲ್ಲಿ ಹೆಸರು ಮಾಡುತ್ತಿದ್ದ ಕಾಲದಲ್ಲೇ, 1910ರ ಹೊತ್ತಿಗೆ, ಮೈಸೂರು ಸರ್ಕಾರ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಆ ಪದ್ಧತಿಯ ಶೋಷಣೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಪದ್ಧತಿಯ ಜೊತೆಗೆ ಆ ಹೆಂಗಸರ ವಿದ್ಯೆಗೂ ಮಾನ ಹೋಯಿತು. ನನ್ನ ತಾಯಿ ಚಿಕ್ಕವಳಿದ್ದಾಗ ಮೈಸೂರಿನಲ್ಲಿ ನೃತ್ಯ ಕಲಿಯುತ್ತೇನೆ ಎಂದಿದ್ದಕ್ಕೆ ಅಜ್ಜಿ, “ಮರ್ಯಾದಸ್ಥರ ಮನೆ ಹುಡುಗಿ ಗೆಜ್ಜೆ ಕಟ್ತಾಳೇನೇ?” ಎಂದು ಗದರಿದ್ದರಂತೆ. ಆ ಆಸೆಯನ್ನು ಅಮ್ಮ ನನ್ನ ಮಗಳ ಮೂಲಕ ತೀರಿಸಿಕೊಂಡಳು. ರಂಗಪ್ರವೇಶದ ಸೀರೆ ತಂದುಕೊಟ್ಟವಳು ಅವಳೇ.

ಗ್ರಂಥಾಲಯದಲ್ಲಿ ಕುಳಿತು ನನಗೆ ನಾಚಿಕೆಯಾಯಿತು. ನಾನು ‘ನಮ್ಮದು’ ಎಂದು ಕೂಗಾಡುತ್ತಿದ್ದ ಕಲೆಯನ್ನು ಉಳಿಸಿಕೊಟ್ಟವರು ನಮ್ಮ ಮನೆಯವರಲ್ಲ. ನಮ್ಮ ಮನೆಯವರು ಹೊಸ್ತಿಲ ಹೊರಗೆ ನಿಲ್ಲಿಸಿದ ಹೆಂಗಸರು. ನಾವೂ ಅವರಿಂದ ಪಡೆದವರೇ. ಧನ್ಯವಾದ ಹೇಳಿದ್ದು ಮಾತ್ರ ನೆನಪಿಲ್ಲ.

ರೂತ್ ಮಾಡಿದ್ದರಲ್ಲಿ ತಪ್ಪೇನು ಎಂದು ಈಗ ಕೇಳಿಕೊಂಡರೆ, ಸಿಗರೇಟಿನ ಪಟ ನೋಡಿ ಪುಳಕಗೊಂಡದ್ದು ತಪ್ಪೆಂದು ನನಗೆ ಅನ್ನಿಸುವುದಿಲ್ಲ. ಸ್ಫೂರ್ತಿ ಗೋತ್ರ ಕೇಳಿ ಬರುವುದಿಲ್ಲ. ಅವಳು ಕಂಡ ನಿಶ್ಚಲತೆ ನಿಜವಾದ್ದೇ. ಎದುರಿಗೆ ಬೆವರು ಸುರಿಸಿ ಕುಣಿದವರಿಗೆ ಅದರಲ್ಲಿ ಪಾಲು ಸಿಗಲಿಲ್ಲ ಎಂಬುದು ತಪ್ಪು. ಆ ತಪ್ಪು ನ್ಯೂಯಾರ್ಕಿನಲ್ಲೂ ಆಯಿತು, ಮೈಸೂರಿನಲ್ಲೂ ಆಯಿತು.

ಈ ಕಥೆಗೆ ಇನ್ನೊಂದು ಕೊಂಡಿಯಿದೆ. ಟೆಡ್ ಶಾನ್ 1930ರ ದಶಕದಲ್ಲಿ ಮ್ಯಾಸಚೂಸೆಟ್ಸ್‌ನ ಒಂದು ಹಳೆಯ ತೋಟದ ಮನೆಯನ್ನು ಕೊಂಡು ‘ಜೇಕಬ್ಸ್ ಪಿಲ್ಲೋ’ ಎಂಬ ನೃತ್ಯಕೇಂದ್ರ ಕಟ್ಟಿದ. 1962ರಲ್ಲಿ ಆ ರಂಗದ ಮೇಲೆ ದೇವದಾಸಿ ಮನೆತನದ ತಂಜಾವೂರು ಬಾಲಸರಸ್ವತಿ ನರ್ತಿಸಿದರು. ಜಾಹೀರಾತಿನ ಪಟದಿಂದ ಹೊರಟ ದಾರಿ ಐವತ್ತೆಂಟು ವರ್ಷ ಸುತ್ತಿ ಬಳಸಿ ಮೂಲದ ಮನೆಯವರ ಎದುರಿಗೇ ಬಂದು ನಿಂತಿತು.

ಮನೆಗೆ ಬಂದು ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು, “ಕೋನಿ ಐಲ್ಯಾಂಡಿನವರ ಹೆಸರು ಏನಮ್ಮ?” ಎಂದಳು. ನಾನು ನೋಡಿದ ಜಾಹೀರಾತಿನ ಚಿತ್ರಗಳಲ್ಲಿ ಆನೆಗಳಿದ್ದವು, ಅವರ ಹೆಸರುಗಳಿರಲಿಲ್ಲ.

ಮುಂದಿನ ವರ್ಷ ಅವಳಿಗೆ ಐದು ನಿಮಿಷ ಸಿಕ್ಕಿತು. ಆ ಸಹಪಾಠಿ ವಾರಗಟ್ಟಲೆ ನಮ್ಮ ಮನೆಯ ನೆಲಮಾಳಿಗೆಗೆ ಬಂದು, ತೊಡೆ ನೋವೆಂದು ಗೊಣಗುತ್ತಾ ಅರೆಮಂಡಿ ಕಲಿತಳು. ಇಬ್ಬರೂ ಒಟ್ಟಿಗೆ ಅಲರಿಪು ಮಾಡಿದರು. ಅಚ್ಚಾದ ಕಾರ್ಯಕ್ರಮ ಪಟ್ಟಿಯಲ್ಲಿ ತಮ್ಮ ಹೆಸರುಗಳ ಕೆಳಗೆ ಮಗಳು ಗುರುಗಳ ಹೆಸರು ಬರೆಸಿದ್ದಳು. ಅದರ ಕೆಳಗೆ ಗುರುಗಳ ಗುರುವಿನ ಹೆಸರು, ಅದರ ಕೆಳಗೆ ಅವರ ಗುರುವಿನದು. ಇಷ್ಟೆಲ್ಲ ಹೆಸರುಗಳಿಗೆ ಜಾಗ ಸಾಲದು ಎಂದು ಶಾಲೆಯವರು ಮೊದಲು ಹೇಳಿದ್ದರಂತೆ. ಅಕ್ಷರ ಸಣ್ಣದು ಮಾಡಿ ಎಂದಳಂತೆ ಇವಳು.