ಖರ್ಗೆ, ಮಲ್ಲಿಕಾರ್ಜುನ

ಕಲಬುರಗಿಯ ಕಾಲೇಜು ಮೈದಾನಗಳಲ್ಲಿ ಹಾಕಿ ಆಡಿ, ಗಿರಣಿ ಕಾರ್ಮಿಕರ ವಕೀಲರಾಗಿ, ಆಮೇಲೆ ರಾಜಕಾರಣಕ್ಕೆ ಬಂದ ಕಾಂಗ್ರೆಸ್ ನಾಯಕ. ಜನನ 1942ರ ಜುಲೈ 21, ಬೀದರ್ ಜಿಲ್ಲೆ ಭಾಲ್ಕಿ ತಾಲ್ಲೂಕಿನ ವರವಟ್ಟಿ. ತಂದೆ ಮಾಪಣ್ಣ. ಒಂಬತ್ತು ಸಲ ವಿಧಾನಸಭೆಗೆ, ಎರಡು ಸಲ ಲೋಕಸಭೆಗೆ ಗೆದ್ದು ‘ಸೋಲಿಲ್ಲದ ಸರದಾರ’ ಎನಿಸಿಕೊಂಡರು. 2019ರಲ್ಲಿ ಕಲಬುರಗಿಯಲ್ಲೇ ಸೋತರು. ಮೂರು ವರ್ಷ ಕಳೆದು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದರು. ಕರ್ನಾಟಕದಿಂದ ಎಸ್. ನಿಜಲಿಂಗಪ್ಪನವರ ನಂತರ ಆ ಪೀಠ ಏರಿದವರು ಇವರೇ.

ನಿಜಾಮರ ಆಳ್ವಿಕೆಯ ಕೊನೆಯ ದಿನಗಳಲ್ಲಿ ಅವರ ಪರ ಶಸ್ತ್ರ ಹಿಡಿದಿದ್ದ ರಜಾಕಾರರು ವರವಟ್ಟಿಯಲ್ಲಿ ಮನೆಗೆ ಬೆಂಕಿ ಇಟ್ಟಾಗ ತಾಯಿ ಮತ್ತು ಸೋದರಿ ತೀರಿಕೊಂಡರು. ಬದುಕುಳಿದ ತಂದೆ ಮಗ ಕಲಬುರಗಿಗೆ ಬಂದರು. ಮಾಪಣ್ಣ ಎಂಎಸ್‌ಕೆ ಮಿಲ್‌ನಲ್ಲಿ ಕೆಲಸಕ್ಕೆ ಸೇರಿದರು. ಮಿಲ್ ಮುಚ್ಚಿಹೋಗಿದ್ದರೂ ಊರಿನ ಒಂದು ಭಾಗವನ್ನು ಇಂದಿಗೂ ಆ ಹೆಸರಿನಿಂದಲೇ ಕರೆಯುತ್ತಾರೆ. ಮಗ ನೂತನ ವಿದ್ಯಾಲಯದಲ್ಲಿ ಶಾಲೆ ಮುಗಿಸಿ, ಸರ್ಕಾರಿ ಕಾಲೇಜಿನಲ್ಲಿ ಬಿ.ಎ. ಓದಿದರು. ಹಾಕಿಯ ಜೊತೆಗೆ ಫುಟ್‌ಬಾಲ್, ಕಬಡ್ಡಿಯನ್ನೂ ಆಡಿದ್ದು ಈ ವರ್ಷಗಳಲ್ಲೇ. ವಿದ್ಯಾರ್ಥಿ ಸಂಘದ ಪ್ರಧಾನ ಕಾರ್ಯದರ್ಶಿಯಾಗಿ ಆರಿಸಿಬಂದದ್ದೂ ಆ ಕಾಲೇಜಿನಲ್ಲೇ. ಮೈದಾನದ ಹೆಸರು ಓಟಾಗಿ ಬದಲಾಯಿತು ಎಂದು ಬರೆಯುವುದು ಸುಲಭ, ಆದರೆ ಅದು ಪೂರ್ತಿ ನಿಜವಲ್ಲ. ಅವರಿಗೆ ಜನರನ್ನು ಕೂಡಿಸಿಕೊಟ್ಟದ್ದು ಆಟಕ್ಕಿಂತ ಹೆಚ್ಚಾಗಿ ಅಪ್ಪ ದುಡಿದ ಆ ಗಿರಣಿ.

ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಿಂದ ಪದವಿ ಪಡೆದು, ಮುಂದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಾದ ಶಿವರಾಜ ಪಾಟೀಲರ ಬಳಿ ಕಿರಿಯ ವಕೀಲರಾಗಿ ಸೇರಿದರು. ಕಾರ್ಮಿಕರ ಮೊಕದ್ದಮೆಗಳನ್ನು ನಡೆಸಿದರು. 1969ರಲ್ಲಿ ಎಂಎಸ್‌ಕೆ ಮಿಲ್ ನೌಕರರ ಸಂಘದ ಕಾನೂನು ಸಲಹೆಗಾರರಾದರು. ಅದೇ ವರ್ಷ ಕಾಂಗ್ರೆಸ್ ಸೇರಿ ನಗರ ಘಟಕದ ಅಧ್ಯಕ್ಷರಾದರು.

1972ರಲ್ಲಿ ಗುರುಮಠಕಲ್ ಮೀಸಲು ಕ್ಷೇತ್ರದಿಂದ ಮೊದಲ ಗೆಲುವು. ಅಲ್ಲಿಂದ 2004ರವರೆಗೆ ಎಂಟು ಚುನಾವಣೆಗಳಲ್ಲಿ ಆ ಕ್ಷೇತ್ರ ಅವರನ್ನು ಕೈಬಿಡಲಿಲ್ಲ. ದೇವರಾಜ ಅರಸರ ಕಾಲದಲ್ಲಿ ಪ್ರಾಥಮಿಕ ಶಿಕ್ಷಣದ ರಾಜ್ಯ ಸಚಿವರಾಗಿ ಪರಿಶಿಷ್ಟ ಜಾತಿ, ಪಂಗಡಗಳ 16 ಸಾವಿರಕ್ಕೂ ಹೆಚ್ಚು ಬ್ಯಾಕ್‌ಲಾಗ್ ಶಿಕ್ಷಕ ಹುದ್ದೆಗಳನ್ನು ತುಂಬಿಸಿದರು. ದಲಿತ ಕೇರಿಯ ಎಷ್ಟೋ ಮನೆಗಳಿಗೆ ಮೊದಲ ಸರ್ಕಾರಿ ಸಂಬಳ ಬಂದದ್ದು ಆಗ. ಗುಂಡೂರಾವ್ ಸಂಪುಟದಲ್ಲಿ ಕಂದಾಯ ಸಚಿವರಾಗಿ ಭೂ ನ್ಯಾಯಮಂಡಳಿಗಳ ಕೆಲಸಕ್ಕೆ ವೇಗ ಕೊಟ್ಟರು. 1999ರಲ್ಲಿ ಎಸ್.ಎಂ. ಕೃಷ್ಣ ಸಂಪುಟದ ಗೃಹ ಸಚಿವರು. ಮರುವರ್ಷ ವೀರಪ್ಪನ್ ನಟ ರಾಜ್‌ಕುಮಾರ್ ಅವರನ್ನು ಅಪಹರಿಸಿದಾಗ ಆ ಖಾತೆ ಇದ್ದದ್ದು ಇವರ ಕೈಯಲ್ಲಿ. 1999, 2004, 2013: ಮೂರು ಸಲ ಮುಖ್ಯಮಂತ್ರಿ ಹುದ್ದೆಗೆ ಹೆಸರು ಕೇಳಿಬಂತು, ಮೂರು ಸಲವೂ ಕೈತಪ್ಪಿತು.

2004ರಲ್ಲಿ ಆ ಹುದ್ದೆ ಹೋದದ್ದು ಅದೇ ಜಿಲ್ಲೆಯ ಜೇವರ್ಗಿಯ ಶಾಸಕ, ನೇಲೋಗಿಯ ಎನ್. ಧರ್ಮಸಿಂಗ್ ಅವರಿಗೆ. ಇಬ್ಬರೂ ಗೆಳೆಯರು, ಜಿಲ್ಲೆಯ ಜನ ಲವ–ಕುಶ ಎಂದೇ ಕರೆಯುತ್ತಿದ್ದರು. ಗೆಳೆಯನ ಸಂಪುಟದಲ್ಲಿ ಖರ್ಗೆ ಜಲಸಂಪನ್ಮೂಲ ಮತ್ತು ಸಾರಿಗೆ ಖಾತೆಗಳನ್ನು ನಿಭಾಯಿಸಿದರು. ಮುಂದೆ ಇಬ್ಬರ ಹಾದಿಯನ್ನೂ ತಿರುಗಿಸಿದ್ದು 2008ರ ಕ್ಷೇತ್ರ ಮರುವಿಂಗಡಣೆ ಮತ್ತು ಆ ವರ್ಷದ ಚುನಾವಣೆ. ಗುರುಮಠಕಲ್ ಸಾಮಾನ್ಯ ಕ್ಷೇತ್ರವಾದ್ದರಿಂದ ಖರ್ಗೆ ಚಿತ್ತಾಪುರಕ್ಕೆ ಹೋಗಿ ಗೆದ್ದರು. 1978ರಿಂದ ಜೇವರ್ಗಿಯನ್ನು ಬಿಡದೆ ಹಿಡಿದಿದ್ದ ಧರ್ಮಸಿಂಗ್ ಬಿಜೆಪಿಯ ದೊಡ್ಡಪ್ಪಗೌಡ ಪಾಟೀಲ ನರಿಬೋಳ ಅವರೆದುರು ಬರೀ 70 ಮತಗಳಿಂದ ಸೋತರು.

ಕಲಬುರಗಿ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾದದ್ದೂ ಈ ಮರುವಿಂಗಡಣೆಯಲ್ಲೇ. ಅಫಜಲಪುರ, ಜೇವರ್ಗಿ ಅದರೊಳಗೆ ಬಂದವು. ಆಳಂದ ಕಲಬುರಗಿ ಜಿಲ್ಲೆಯದಾದರೂ ಲೋಕಸಭೆಗೆ ಬೀದರಿನ ಪಾಲಾಯಿತು. 2009ರಲ್ಲಿ ಧರ್ಮಸಿಂಗ್ ಬೀದರಿನಿಂದ, ಖರ್ಗೆ ಕಲಬುರಗಿಯಿಂದ ದೆಹಲಿಗೆ ಹೋದರು. ಖರ್ಗೆ ಗೆದ್ದ ಅಂತರ 13 ಸಾವಿರ ಚಿಲ್ಲರೆ ಮಾತ್ರ. ಬಿಟ್ಟುಬಂದ ಚಿತ್ತಾಪುರದ ಉಪಚುನಾವಣೆಯಲ್ಲಿ ಮಗ ಪ್ರಿಯಾಂಕ್ ಸೋತರು. 2013ರಲ್ಲಿ ಗೆದ್ದ ಮೇಲೆ ಆ ಕ್ಷೇತ್ರ ಅವರದೇ ಆಗಿದೆ.

ಕೇಂದ್ರದಲ್ಲಿ ಮೊದಲು ಕಾರ್ಮಿಕ ಖಾತೆ, 2013ರ ಜೂನ್‌ನಿಂದ ರೈಲ್ವೆ. ಕಲಬುರಗಿಯ ಸೇಡಂ ರಸ್ತೆಯಲ್ಲಿರುವ ಇಎಸ್‌ಐಸಿ ವೈದ್ಯಕೀಯ ಕಾಲೇಜು ಕಾರ್ಮಿಕ ಖಾತೆಯ ಕಾಲದ್ದು. ರೈಲ್ವೆ ಸಚಿವರಾಗಿ ಘೋಷಿಸಿದ ಕಲಬುರಗಿ ರೈಲ್ವೆ ವಿಭಾಗ ಮಾತ್ರ ಅಡಿಗಲ್ಲಿನ ಹಂತದಲ್ಲೇ ನಿಂತಿತು. ಈ ಅವಧಿಯ ದೊಡ್ಡ ಕೆಲಸವೆಂದರೆ ಸಂವಿಧಾನದ 98ನೇ ತಿದ್ದುಪಡಿಯ ಮೂಲಕ ಬಂದ 371 (ಜೆ) ವಿಧಿ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿಯೂ ಓದು–ನೌಕರಿಯಲ್ಲಿ ಸ್ಥಳೀಯ ಮೀಸಲಾತಿಯೂ ದೊರೆತವು. ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು, ನೌಕರಿಯಲ್ಲಿ ‘ಎ’ ಮತ್ತು ‘ಬಿ’ ವರ್ಗಕ್ಕೆ ಶೇ 75, ‘ಸಿ’ಗೆ 80, ‘ಡಿ’ಗೆ 85 ಹುದ್ದೆಗಳು ಇಲ್ಲಿಯವರಿಗೇ. ಇದಕ್ಕಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂಗಿದವರು ವೈಜನಾಥ ಪಾಟೀಲ ಮತ್ತು ಅವರ ಸಂಗಡಿಗರು. ಆ ಕೂಗನ್ನು ಸಂಸತ್ತಿನಲ್ಲಿ ದಡ ಮುಟ್ಟಿಸಿದವರಲ್ಲಿ ಖರ್ಗೆ, ಧರ್ಮಸಿಂಗ್ ಮುಂದಿದ್ದರು. 

2014ರ ಮೋದಿ ಅಲೆಯಲ್ಲೂ ಖರ್ಗೆ 74 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದು, ಲೋಕಸಭೆಯಲ್ಲಿ 44 ಸದಸ್ಯರ ಕಾಂಗ್ರೆಸ್ಸಿನ ನಾಯಕರಾದರು. 2019ರ ಸೋಲು ಹೊರಗಿನಿಂದ ಬಂದದ್ದಲ್ಲ. 2017ರ ಜುಲೈನಲ್ಲಿ ಧರ್ಮಸಿಂಗ್ ತೀರಿಕೊಂಡರು. ಅಫಜಲಪುರದಿಂದ ಆರು ಸಲ ಗೆದ್ದಿದ್ದ ಮಾಲೀಕಯ್ಯ ಗುತ್ತೇದಾರ 2018ರಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿದರು. ಚಿಂಚೋಳಿಯ ಕಾಂಗ್ರೆಸ್ ಶಾಸಕರಾಗಿದ್ದ ಡಾ. ಉಮೇಶ ಜಾಧವ ಬಿಜೆಪಿ ಅಭ್ಯರ್ಥಿಯಾಗಿ ಎದುರಿಗೇ ನಿಂತರು. 95,452 ಮತಗಳಿಂದ ಗೆದ್ದರು. ಗುರುಮಠಕಲ್‌ನಲ್ಲಿ ಖರ್ಗೆಯವರ ಓಟು ಖರ್ಗೆಯವರದೇ ಆಗಿತ್ತು. ಲೋಕಸಭೆಗೆ ನಿಂತಾಗ ಅಫಜಲಪುರದ, ಜೇವರ್ಗಿಯ ಓಟು ಅಲ್ಲಿನ ನಾಯಕರ ಕೈಯಿಂದ ಬರಬೇಕಾಗಿತ್ತು. ಆ ಕೈಗಳು ಒಂದೊಂದಾಗಿ ಕಡಿಮೆಯಾಗಿದ್ದವು.

2020ರಲ್ಲಿ ರಾಜ್ಯಸಭೆಗೆ ಹೋಗಿ, ಮರುವರ್ಷ ಅಲ್ಲಿ ವಿರೋಧ ಪಕ್ಷದ ನಾಯಕರಾದರು. 2022ರ ಅಕ್ಟೋಬರ್‌ನಲ್ಲಿ ಪಕ್ಷದ ಅಧ್ಯಕ್ಷ ಸ್ಥಾನದ ಚುನಾವಣೆಯಲ್ಲಿ ಶಶಿ ತರೂರ್ ಅವರ 1,072 ಮತಗಳೆದುರು 7,897 ಮತ ಪಡೆದರು. 2023ರ ವಿಧಾನಸಭಾ ಚುನಾವಣೆಯಲ್ಲಿ ಜೇವರ್ಗಿಯನ್ನು ಧರ್ಮಸಿಂಗ್ ಅವರ ಮಗ ಡಾ. ಅಜಯ್ ಸಿಂಗ್, ಅಫಜಲಪುರವನ್ನು ಎಂ.ವೈ. ಪಾಟೀಲ, ಆಳಂದವನ್ನು ಬಿ.ಆರ್. ಪಾಟೀಲ ಕಾಂಗ್ರೆಸ್ಸಿಗೆ ಗೆದ್ದುಕೊಟ್ಟರು. 2024ರ ಲೋಕಸಭಾ ಚುನಾವಣೆಯಲ್ಲಿ ಖರ್ಗೆ ತಾವು ನಿಲ್ಲದೆ ಅಳಿಯ ರಾಧಾಕೃಷ್ಣ ದೊಡ್ಡಮನಿಯವರನ್ನು ಕಲಬುರಗಿಯಿಂದ ನಿಲ್ಲಿಸಿದರು. ಮತದಾನಕ್ಕೆ ಮುಂಚೆಯೇ ಮಾಲೀಕಯ್ಯ ಗುತ್ತೇದಾರ ಕಾಂಗ್ರೆಸ್ಸಿಗೆ ಮರಳಿದರು. ದೊಡ್ಡಮನಿ 27 ಸಾವಿರ ಮತಗಳ ಅಂತರದಿಂದ ಉಮೇಶ ಜಾಧವರನ್ನು ಸೋಲಿಸಿದರು.