ಕಿಟಕಿಯನ್ನು ಕುಟ್ಟುವ ಹಕ್ಕಿ: ಒಂದು ಐತಿಹಾಸಿಕ ವಿಚಾರ

ಕಾಡುಹಕ್ಕಿಗಳಲ್ಲಿ ಕೆಲವು ಮನುಷ್ಯರ ವಾಸಗೃಹಗಳ ಬಳಿಗೆ ಬಂದು, ಮುಚ್ಚಿದ ಕಿಟಕಿಯ ಗಾಜನ್ನು ಕೊಕ್ಕಿನಿಂದ ಕುಟ್ಟುವುದೂ, ಓಡಿಸಿದರೂ ಮರಳಿ ಬಂದು ಅದೇ ಗಾಜನ್ನೇ ಕುಟ್ಟುವುದೂ, ಈ ವ್ಯಾಪಾರವನ್ನು ದಿನಗಟ್ಟಲೆ, ಒಮ್ಮೊಮ್ಮೆ ವಾರಗಟ್ಟಲೆ ನಡೆಸುವುದೂ ಅನೇಕರು ಕಂಡಿರುವ ಸಂಗತಿಯಾಗಿದೆ. ನಮ್ಮ ನಾಡಿನಲ್ಲಿ ಮಡಿವಾಳ ಹಕ್ಕಿಯೂ ಸೂರಕ್ಕಿಯೂ, ಇಂಗ್ಲೆಂಡಿನಲ್ಲಿ ಕೆಂಪು ಎದೆಯ ರಾಬಿನ್ ಹಕ್ಕಿಯೂ, ಉತ್ತರ ಅಮೆರಿಕದಲ್ಲಿ ಕಾರ್ಡಿನಲ್ ಎಂಬ ಕೆಂಪು ಹಕ್ಕಿಯೂ ಹೀಗೆ ಮಾಡುತ್ತವೆ. ಗಾಜಿನಲ್ಲಿ ಕಾಣುವ ತನ್ನ ಪ್ರತಿಬಿಂಬವನ್ನು ಹಕ್ಕಿಯು ತನ್ನ ಎಲ್ಲೆಯೊಳಕ್ಕೆ ನುಗ್ಗಿದ ಇನ್ನೊಂದು ಹಕ್ಕಿಯೆಂದು ತಿಳಿದು ಅದರೊಡನೆ ಕಾದುತ್ತದೆಂಬುದು ಇಂದಿನ ಪಕ್ಷಿಶಾಸ್ತ್ರಜ್ಞರು ಒಪ್ಪಿರುವ ನಿರ್ಣಯ. ಗಾಜಿನ ಮೇಲಿನ ಹುಳುಗಳನ್ನು ಹಿಡಿಯುವುದು, ಗಾಜನ್ನು ಚೌಕಟ್ಟಿಗೆ ಕೂಡಿಸುವ ಪುಟ್ಟಿಯನ್ನು ಕೀಳುವುದು ಮೊದಲಾದ ಬೇರೆ ಕಾರಣಗಳೂ ಉಂಟು. ಆದರೆ ಎಡೆಬಿಡದ ಕುಟ್ಟುವಿಕೆಗೆ ಮುಖ್ಯಕಾರಣವು ಮೊದಲು ಹೇಳಿದುದೇ.

ಈ ನಿರ್ಣಯವು ಸರಳವಾಗಿ ತೋರಬಹುದು. ಅದರ ಚರಿತ್ರೆಯು ಸರಳವಲ್ಲ. ಹಕ್ಕಿಯ ನಡತೆಗೆ ಅರ್ಥ ಹೇಳಹೊರಟವರಿಗಿಂತ ಬಹು ಮೊದಲೇ, ಹಕ್ಕಿಯನ್ನು ಹಿಡಿಯಹೊರಟವರಿಗೆ ಈ ತತ್ತ್ವವು ಬಳಕೆಯಲ್ಲಿ ತಿಳಿದಿದ್ದಿತು. ಹೀಗಾದುದಕ್ಕೆ ಕಾರಣವೇನೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೧. ಶಕುನ

ಮನೆಯ ಬಾಗಿಲಿಗೆ ಬಂದ ಹಕ್ಕಿಯು ಮನೆಯವರಿಗೆ ಏನನ್ನೋ ಹೇಳಬಂದಿದೆಯೆಂಬ ಭಾವನೆಯು ಬಹು ಪ್ರಾಚೀನವಾದುದು. ಕ್ರಿ. ಶ. ೬ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ಶಕುನವಿಚಾರಕ್ಕಾಗಿಯೇ ಅಧ್ಯಾಯಗಳನ್ನು ಮೀಸಲಿಟ್ಟಿರುವನು. ಹಕ್ಕಿ ಕೂಗಿದ ದಿಕ್ಕು, ಹೊತ್ತು, ಕುಳಿತ ಸ್ಥಳ ಇವುಗಳೆಲ್ಲವೂ ಅಲ್ಲಿ ಫಲನಿರ್ಣಯಕ್ಕೆ ಸಾಧನಗಳಾಗಿವೆ. ‘ಶಕುನ’ವೆಂಬ ಸಂಸ್ಕೃತ ಶಬ್ದಕ್ಕೆ ಹಕ್ಕಿಯೆಂಬುದೂ ಮುಂಬರುವುದರ ಸೂಚನೆಯೆಂಬುದೂ ಎರಡೂ ಅರ್ಥಗಳಿರುವುದನ್ನು ವಾಚಕರು ಬಲ್ಲರು. ಕನ್ನಡನಾಡಿನಲ್ಲಿ ಬುಡುಬುಡಿಕೆಯವರು ಮನೆಮನೆಯ ಮುಂದೆ ನಿಂತು ಹಾಲಕ್ಕಿಯ ನುಡಿಯನ್ನು ಬಿಡಿಸಿ ಹೇಳುವ ಪದ್ಧತಿಯೂ, ಕಾಗೆ ಕೂಗಿದರೆ ನೆಂಟರು ಬರುವರೆಂಬ ಮಾತೂ ಈ ಭಾವನೆಯ ಕವಲುಗಳೇ ಆಗಿವೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ, ಹಕ್ಕಿಯು ಕಿಟಕಿಯನ್ನು ಕುಟ್ಟಿದರೆ ಆ ಮನೆಯಲ್ಲಿ ಸಾವು ಸಂಭವಿಸುವುದೆಂದು ಜನರು ನಂಬಿದ್ದರು.

ಈ ನಂಬಿಕೆಗಳನ್ನು ಅಪಹಾಸ್ಯಮಾಡುವುದು ನಮ್ಮ ಉದ್ದೇಶವಲ್ಲ. ಅವುಗಳಲ್ಲಿ ಸೂಕ್ಷ್ಮವಾದ ಅವಲೋಕನವು ಉಂಟು; ಹೊತ್ತನ್ನೂ ದಿಕ್ಕನ್ನೂ ಗುರುತಿಸಿದವರು ಹಕ್ಕಿಯನ್ನು ನೋಡದೆ ಇರಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಯು ‘ಇದರಿಂದ ನಮಗೇನು?’ ಎಂಬುದು. ಹಕ್ಕಿಯ ಕಣ್ಣಿಗೆ ಏನು ಕಾಣುತ್ತಿದೆಯೆಂಬ ಪ್ರಶ್ನೆಗೆ ಅಲ್ಲಿ ಎಡೆಯಿರಲಿಲ್ಲ.

೨. ಬಾವಿಯೊಳಗಿನ ಸಿಂಹ

ಪ್ರಾಣಿಯು ತನ್ನ ಪ್ರತಿಬಿಂಬದೊಡನೆ ಕಾದುವ ವಿಷಯವು ಸಾಹಿತ್ಯಕ್ಕೆ ಹೊಸದಲ್ಲ. ಪಂಚತಂತ್ರದ ಮಿತ್ರಭೇದದಲ್ಲಿ ಮೊಲವು ಸಿಂಹವನ್ನು ಬಾವಿಯ ಬಳಿಗೆ ಕರೆದೊಯ್ದು ಕೊಲ್ಲಿಸುವ ಕಥೆಯು ಸರ್ವವಿದಿತವಾಗಿದೆ. ೧೧ನೆಯ ಶತಮಾನದಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದಂದಿನಿಂದ ಈ ಕಥಾಸಂಪ್ರದಾಯವು ನಮ್ಮ ಸಾಹಿತ್ಯದ ಸೊತ್ತೂ ಆಗಿದೆ. ಸಾಮಾನ್ಯವಾಗಿ ಈ ಕಥೆಯನ್ನು ಬಲಕ್ಕಿಂತ ಬುದ್ಧಿಯು ಮೇಲೆಂಬುದಕ್ಕೆ ದೃಷ್ಟಾಂತವಾಗಿ ಬೋಧಿಸುವುದು ವಾಡಿಕೆ. ಆದರೆ ಮೊಲವು ಹೂಡಿದ ಉಪಾಯವಾದರೂ ಏನು? ‘ಈ ಕಾಡಿನಲ್ಲಿ ಇನ್ನೊಂದು ಸಿಂಹವಿದೆ’ ಎಂದು ಹೇಳಿದುದು ಮಾತ್ರ. ಸಿಂಹವನ್ನು ಬಾವಿಗೆ ಕೆಡಹಿದುದು ಹಸಿವಲ್ಲ; ತನ್ನ ಕಾಡಿನಲ್ಲಿ ಎರಡನೆಯವನಿರಬಾರದೆಂಬ ಛಲ. ಕಿಟಕಿಯನ್ನು ಕುಟ್ಟುವ ಹಕ್ಕಿಯ ಸ್ಥಿತಿಯೂ ಇದೇ. ಕಥೆಯು ಕಾರಣವನ್ನು ಸರಿಯಾಗಿಯೇ ಹಿಡಿದಿದ್ದು, ಅದನ್ನು ಮೂರ್ಖತನದ ಫಲವೆಂದು ನೀತಿಯ ಕಡೆಗೆ ತಿರುಗಿಸಿತು. ಆ ನಡತೆಯು ಬಾವಿಯಿಲ್ಲದೆಡೆಯಲ್ಲಿ ಪ್ರಾಣಿಗೆ ಉಪಯುಕ್ತವಾದುದೇ ಎಂಬ ವಿಚಾರವು ನೀತಿಕಥೆಗೆ ಬೇಕಾಗಿರಲಿಲ್ಲ.

೩. ದೀವದ ವಿದ್ಯೆ

ಇನ್ನು ಬೇಟೆಗಾರರ ಕಡೆಗೆ ತಿರುಗೋಣ. ಸಾಕಿದ ಒಂದು ಪ್ರಾಣಿಯನ್ನು ಮುಂದಿಟ್ಟು ಅದೇ ಜಾತಿಯ ಕಾಡುಪ್ರಾಣಿಯನ್ನು ಬರಮಾಡಿಕೊಂಡು ಹಿಡಿಯುವ ಉಪಾಯವು ಎಲ್ಲ ದೇಶಗಳಲ್ಲಿಯೂ ಉಂಟು. ಹೀಗೆ ಮುಂದಿಡುವ ಪ್ರಾಣಿಗೆ ಹಳೆಯ ಕನ್ನಡದಲ್ಲಿ ‘ದೀವ’ವೆಂದು ಹೆಸರು. ಕ್ರಿ. ಪೂ. ೪ನೆಯ ಶತಮಾನದ ಅರಿಸ್ಟಾಟಲನು ತನ್ನ ಪ್ರಾಣಿಗಳ ಚರಿತ್ರೆಯಲ್ಲಿ, ದೀವದ ಕವುಜುಗವನ್ನು ಕಂಡೊಡನೆ ಕಾಡಿನ ಗುಂಪಿನ ಮುಖ್ಯನಾದ ಗಂಡು ಕಾಳಗಕ್ಕೆ ಮುಂದೆ ಬಂದು ಬಲೆಗೆ ಬೀಳುವುದೆಂದು ಬರೆದಿರುವನು. ಹದ್ದುಗಳ ಒಂದೊಂದು ಜೋಡಿಯೂ ವಿಸ್ತಾರವಾದ ಪ್ರದೇಶವನ್ನು ಹಿಡಿದುಕೊಂಡು ಬೇರೆ ಹದ್ದುಗಳನ್ನು ಅಲ್ಲಿ ನೆಲಸಗೊಡಿಸುವುದಿಲ್ಲವೆಂಬುದನ್ನೂ ಅವನು ಹೇಳಿದ್ದಾನೆ.

ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕೋಳಿಯ ಕಾಳಗಕ್ಕೂ ಲಾವಕವೆಂಬ ಲಾವುಗೆ ಹಕ್ಕಿಯ ಕಾಳಗಕ್ಕೂ ಪ್ರತ್ಯೇಕವಾದ ಪ್ರಕರಣಗಳಿವೆ. ರಾಜವಿನೋದಕ್ಕಾಗಿ ಹಕ್ಕಿಗಳನ್ನು ಕಾದಿಸುವವರಿಗೆ, ಗಂಡು ಗಂಡನ್ನು ಕಂಡಲ್ಲಿ ಕಾದುವುದೆಂಬ ಸಂಗತಿಯು ವಿದ್ಯೆಯ ಮೊದಲನೆಯ ಪಾಠವಾಗಿದ್ದಿತು. ಈ ಜನರು ಹಕ್ಕಿಯಲ್ಲಿ ಅರ್ಥವನ್ನು ಹುಡುಕಲಿಲ್ಲ. ಹಕ್ಕಿಗೆ ಏನನ್ನು ತೋರಿಸಿದರೆ ಅದು ಏನು ಮಾಡುವುದೆಂಬುದಷ್ಟೇ ಅವರಿಗೆ ಬೇಕಾಗಿದ್ದಿತು.

೪. ವಿದ್ವಾಂಸರ ಮಾರ್ಗ

ಈ ಬಳಕೆಯ ತಿಳಿವಳಿಕೆಯು ಗ್ರಂಥಸ್ಥವಾದ ಕ್ರಮವೂ ಗಮನಾರ್ಹವಾಗಿದೆ. ೧೬೨೨ರಲ್ಲಿ ರೋಮಿನಲ್ಲಿ ಪ್ರಕಟವಾದ ಓಲಿನನ ಗ್ರಂಥವು ಹಾಡುಹಕ್ಕಿಗಳನ್ನು ಹಿಡಿದು ಸಾಕುವವರಿಗಾಗಿ ಹುಟ್ಟಿದುದು. ನೈಟಿಂಗೇಲ್ ಹಕ್ಕಿಯು ಬಂದೊಡನೆ ಒಂದು ಸ್ಥಳವನ್ನು ತನ್ನ ಸ್ವಂತ ಜಮೀನಿನಂತೆ ಹಿಡಿದು, ತನ್ನ ಹೆಣ್ಣಿನ ಹೊರತು ಬೇರೆ ನೈಟಿಂಗೇಲನ್ನು ಅಲ್ಲಿಗೆ ಸೇರಗೊಡಿಸುವುದಿಲ್ಲವೆಂಬ ಮಾತು ಅದರಲ್ಲಿದೆ. ಈ ಮಾತನ್ನು ಜಾನ್ ರೇ ಎಂಬ ಇಂಗ್ಲಿಷ್ ಪಂಡಿತನು ೧೬೭೮ರ ತನ್ನ ಪಕ್ಷಿಗ್ರಂಥದಲ್ಲಿ ಎತ್ತಿಕೊಂಡನು. ಸೆಲ್ಬೋರ್ನ್ ಗ್ರಾಮದ ಪಾದ್ರಿಯಾದ ಗಿಲ್ಬರ್ಟ್ ವೈಟನು, ೧೭೮೯ರ ತನ್ನ ಪುಸ್ತಕದಲ್ಲಿ, ವಸಂತದಲ್ಲಿ ಗಂಡುಗಳ ಪರಸ್ಪರ ಮತ್ಸರವೇ ಹಕ್ಕಿಗಳು ನಾಡಿನಲ್ಲೆಲ್ಲ ಸಮನಾಗಿ ಹರಡಿಕೊಳ್ಳಲು ಕಾರಣವೆಂದು ಊಹಿಸಿದನು. ಜರ್ಮನಿಯ ಬರ್ನಾರ್ಡ್ ಆಲ್ಟುಮನು ೧೮೬೮ರಲ್ಲಿ, ಈ ಕಾಳಗವೂ ಹಾಡೂ ಮನುಷ್ಯಸಹಜವಾದ ಕೋಪಪ್ರೇಮಗಳಲ್ಲ, ಮರಿಗಳ ಆಹಾರಕ್ಕೆ ಸಾಕಾಗುವಷ್ಟು ಸ್ಥಳವನ್ನು ಕಾಯ್ದುಕೊಳ್ಳುವ ಸಾಧನಗಳೆಂದು ವಾದಿಸಿದನು. ಉಕ್ಕಿನ ಕಾರ್ಖಾನೆಯೊಂದರ ನಿರ್ದೇಶಕನಾಗಿದ್ದು ಬಿಡುವಿನಲ್ಲಿ ಹಕ್ಕಿಗಳನ್ನು ನೋಡುತ್ತಿದ್ದ ಎಲಿಯಟ್ ಹೊವರ್ಡನು ೧೯೨೦ರಲ್ಲಿ ಪ್ರಕಟಿಸಿದ ಗ್ರಂಥದಿಂದ, ಸ್ವಕ್ಷೇತ್ರದ ಈ ತತ್ತ್ವವು ಪಕ್ಷಿಶಾಸ್ತ್ರದಲ್ಲಿ ನೆಲೆಗೊಂಡಿತು.

ಇದನ್ನು ಪ್ರಯೋಗದಿಂದ ಬೆಳಗಿಸಿದವನು ಡೇವಿಡ್ ಲ್ಯಾಕ್. ಇವನು ಶಾಲೆಯ ಉಪಾಧ್ಯಾಯನಾಗಿದ್ದಾಗ ರಾಬಿನ್ ಹಕ್ಕಿಗಳನ್ನು ಪರೀಕ್ಷಿಸಿ, ೧೯೪೩ರಲ್ಲಿ ಅವುಗಳ ಜೀವನಚರಿತ್ರೆಯನ್ನು ಪ್ರಕಟಿಸಿದನು. ಹುಲ್ಲು ತುಂಬಿದ ರಾಬಿನ್ ಬೊಂಬೆಯನ್ನು ಒಂದು ರಾಬಿನ್ನಿನ ಎಲ್ಲೆಯೊಳಗಿಟ್ಟರೆ ಅದು ಬಂದು ಎರಗುತ್ತಿದ್ದಿತು. ಬೊಂಬೆಯೂ ಬೇಡ, ಕೆಂಪು ಎದೆಗರಿಗಳ ಒಂದು ಗೊಂಚಲೇ ಕೆಲವು ಹಕ್ಕಿಗಳನ್ನು ಕೆರಳಿಸಲು ಸಾಕಾಗುತ್ತಿದ್ದಿತು. ಒಂದು ಹೆಣ್ಣು ರಾಬಿನ್, ಬೊಂಬೆಯನ್ನು ತೆಗೆದಮೇಲೂ ಅದು ಇದ್ದ ಬರಿಯ ಗಾಳಿಯನ್ನೇ ಕುಕ್ಕಿತು. ರಾಬಿನ್ನುಗಳಲ್ಲಿ ಹೆಣ್ಣುಗಳೂ ಚಳಿಗಾಲದಲ್ಲಿ ಸ್ವಂತ ಎಲ್ಲೆಯನ್ನು ಕಾಯುವುದರಿಂದ, ಕಾಳಗವು ಗಂಡಿಗೆ ಮಾತ್ರ ಸೇರಿದುದಲ್ಲವೆಂಬುದೂ ಸ್ಪಷ್ಟವಾಯಿತು. ಗರಿಯ ಗೊಂಚಲಿಗೇ ಎರಗುವ ಹಕ್ಕಿಯು, ತನ್ನಂತೆಯೇ ಚಲಿಸುವ ಸಂಪೂರ್ಣ ಪ್ರತಿಬಿಂಬಕ್ಕೆ ಎರಗುವುದರಲ್ಲಿ ಆಶ್ಚರ್ಯವೇನಿದೆ?

ಕುಟ್ಟುವಿಕೆಯು ನಿಲ್ಲದಿರುವುದಕ್ಕೂ ಇಲ್ಲಿಯೇ ಉತ್ತರವಿದೆ. ನಿಜವಾದ ಎದುರಾಳಿಯು ಬೆದರಿಸಿದರೆ ಸಾಮಾನ್ಯವಾಗಿ ಹಿಂಜರಿದು ಹೋಗುತ್ತದೆ. ಜಗಳವು ಬೇಗನೆ ಮುಗಿಯುತ್ತದೆ. ಗಾಜಿನ ಎದುರಾಳಿಯಾದರೋ, ಬೆದರಿಸಿದರೆ ತಾನೂ ಬೆದರಿಸುತ್ತದೆ. ಎರಗಿದರೆ ತಾನೂ ಎರಗುತ್ತದೆ. ಹಕ್ಕಿ ಮರಳಿ ಬಂದಾಗಲೆಲ್ಲ ಅದೂ ಬಂದಿರುತ್ತದೆ. ಸಂತಾನಕಾಲವು ಕಳೆದು ದೇಹದಲ್ಲಿನ ಪ್ರೇರಕರಸಗಳು ಇಳಿದಾಗಲೇ ಸಾಮಾನ್ಯವಾಗಿ ಈ ಯುದ್ಧಕ್ಕೆ ವಿರಾಮ.

೫. ಗಾಜಿನ ಚರಿತ್ರೆ

ಹಕ್ಕಿಯ ಸ್ವಭಾವವು ಪುರಾತನವಾದುದು. ಅದನ್ನು ವಂಚಿಸುವ ಗಾಜು ಈಚಿನದು. ರೋಮನರು ಕ್ರಿ. ಶ. ೧ನೆಯ ಶತಮಾನದಲ್ಲಿಯೇ ಕಿಟಕಿಗಳಿಗೆ ಗಾಜನ್ನು ಹಾಕಿದ್ದರೂ, ಆ ಗಾಜು ದಪ್ಪವೂ ಮಸುಕೂ ಆಗಿದ್ದಿತು. ನಮ್ಮಲ್ಲಿ ಗಾಜಿನ ಮಣಿಗಳು ಪ್ರಾಚೀನವಾದರೂ ಕಿಟಕಿಗೆ ಗಾಜು ಹಾಕುವುದು ವಾಡಿಕೆಯಾಗಿರಲಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಕನ್ನಡಿ ಹಿಡಿದ ದರ್ಪಣಸುಂದರಿಯೂ ಉಂಟು, ಗಾಳಿಬೆಳಕುಗಳಿಗಾಗಿ ಕೊರೆದ ಕಲ್ಲಿನ ಜಾಲಂಧ್ರಗಳೂ ಉಂಟು. ಅಲ್ಲಿ ಕನ್ನಡಿಯು ಕೈಯಲ್ಲಿದೆ, ಗೋಡೆಯಲ್ಲಿಲ್ಲ. ತಮಿಳಿನಲ್ಲಿ ‘ಕಣ್ಣಾಡಿ’ ಎಂಬ ಒಂದೇ ಮಾತು ಗಾಜನ್ನೂ ದರ್ಪಣವನ್ನೂ ಹೇಳುತ್ತದೆ. ಕನ್ನಡವು ಗಾಜು ಬೇರೆ, ಕನ್ನಡಿ ಬೇರೆ ಎಂದು ವಿಂಗಡಿಸಿದೆ. ಹೊರಗೆ ಬಿಸಿಲು, ಒಳಗೆ ಕತ್ತಲೆ ಇರುವಾಗ ಹೊರಗಿನಿಂದ ನೋಡುವ ಕಣ್ಣಿಗೆ ಈ ವಿಂಗಡಣೆಯು ಉಳಿಯುವುದಿಲ್ಲ. ಪ್ರತಿಯೊಂದು ಗಾಜೂ ಕನ್ನಡಿಯೇ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ಹಾಳೆಮಾಡುವ ಕ್ರಮವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಸಂಸ್ಥೆಯು ೧೯೫೯ರಲ್ಲಿ ಪ್ರಕಟಪಡಿಸಿದ ಬಳಿಕ, ಓರೆಕೋರೆಯಿಲ್ಲದ ವಿಶಾಲವಾದ ಗಾಜು ಸುಲಭವಾಗಿ ದೊರೆಯತೊಡಗಿ, ಹಕ್ಕಿಯ ಎದುರಾಳಿಗಳೂ ಹೆಚ್ಚಿದವು.

೬. ಹಕ್ಕಿಯು ತನ್ನನ್ನು ಅರಿಯದೆ?

‘ಕನ್ನಡಿಯೊಳಗಿನ ಗಂಟು’ ಎಂಬ ಗಾದೆಯನ್ನಾಡುವ ಮನುಷ್ಯನಿಗೆ, ಹಕ್ಕಿಯು ಇಷ್ಟನ್ನೂ ಅರಿಯದೆ ಎಂಬ ಅನುಮಾನವು ಹುಟ್ಟಬಹುದು. ಲಂಡನ್ನಿನ ಮೃಗಾಲಯದಲ್ಲಿ ಎರಡು ಒರಾಂಗುಟಾನ್ ವಾನರಗಳ ಮುಂದೆ ಕನ್ನಡಿಯನ್ನಿಟ್ಟು ಪರೀಕ್ಷಿಸಿದುದನ್ನು ಡಾರ್ವಿನ್ನನು ೧೮೭೨ರ ಗ್ರಂಥದಲ್ಲಿ ವರ್ಣಿಸಿರುವನು. ೧೯೭೦ರಲ್ಲಿ ಗಾರ್ಡನ್ ಗ್ಯಾಲಪ್ ಎಂಬ ವಿದ್ವಾಂಸರು ಚಿಂಪಾಂಜಿಗಳ ಮುಖಕ್ಕೆ ಬಣ್ಣದ ಗುರುತಿಟ್ಟು, ಅವು ಕನ್ನಡಿಯನ್ನು ನೋಡಿ ತಮ್ಮ ಮುಖವನ್ನೇ ಮುಟ್ಟಿಕೊಳ್ಳುವುದನ್ನು ತೋರಿಸಿದರು. ೨೦೦೮ರಲ್ಲಿ ಜರ್ಮನಿಯ ವಿದ್ವಾಂಸರು ಕಾಗೆಯ ಕುಲದ ಮ್ಯಾಗ್‌ಪೈ ಹಕ್ಕಿಗಳಲ್ಲಿ ಕೆಲವೂ ಇದೇ ಪರೀಕ್ಷೆಯಲ್ಲಿ ಗೆದ್ದುವೆಂದು ವರದಿಮಾಡಿದರು. ೨೦೨೦ರಲ್ಲಿ ಬೇರೆಯವರು ಅದನ್ನು ಪುನಃ ಮಾಡಿನೋಡಲಾಗಿ ಅದೇ ಫಲವು ದೊರೆಯಲಿಲ್ಲ. ಆದುದರಿಂದ ಹಕ್ಕಿಗಳ ಆತ್ಮಪರಿಚಯದ ಪ್ರಶ್ನೆಯು ಇನ್ನೂ ಮುಗಿದಿಲ್ಲ.

೭. ಉಪಸಂಹಾರ

ಮೇಲಿನ ಸಂಗತಿಗಳಿಂದ ತಿಳಿಯಬರುವುದೇನೆಂದರೆ: ಶಕುನಜ್ಞನು ಹಕ್ಕಿಯನ್ನು ದೂತನೆಂದು ಓದಿದನು, ನೀತಿಕಾರನು ಮೂರ್ಖತನಕ್ಕೆ ದೃಷ್ಟಾಂತವೆಂದು ಓದಿದನು, ದೀವವನ್ನಿಟ್ಟ ಬೇಡನು ಮಾತ್ರ ಅದನ್ನು ಹಕ್ಕಿಯೆಂದೇ ನೋಡಿದನು. ಅವನ ಉದ್ದೇಶವು ಕ್ರೂರವಾಗಿದ್ದಿತಾದರೂ ದೃಷ್ಟಿಯು ನೇರವಾಗಿದ್ದಿತು. ಪಾದ್ರಿ, ಕಾರ್ಖಾನೆಯ ನಿರ್ದೇಶಕ, ಉಪಾಧ್ಯಾಯ ಇವರು ಆ ದೃಷ್ಟಿಯನ್ನು ಉಳಿಸಿಕೊಂಡು ಬಲೆಯನ್ನು ಬಿಟ್ಟರು. ಗ್ರಂಥಗಳಿಗೆ ಅರ್ಥ ಹೇಳುವ ನಮಗೂ ಇದರಲ್ಲಿ ಪಾಠವುಂಟು. ನಮ್ಮನ್ನು ಕುರಿತು ಆಡದ ಮಾತನ್ನು ನಮ್ಮನ್ನು ಕುರಿತೇ ಆಡಿದುದೆಂದು ಭಾವಿಸಿದಲ್ಲಿ, ವ್ಯಾಖ್ಯಾನವು ಎಷ್ಟು ಸೊಗಸಾಗಿದ್ದರೂ ಮೂಲವು ಮರೆಯಾಗುತ್ತದೆ.

ಹಕ್ಕಿಗೂ ಇದರಿಂದ ಪ್ರಯೋಜನವುಂಟು. ಅಪಶಕುನವೆಂದು ಓಡಿಸಿದರೆ ಅದು ಮರಳಿ ಬರುವುದು, ಮರಿಗಳಿಗೆ ಆಹಾರವನ್ನು ತರಬೇಕಾದ ಹೊತ್ತನ್ನು ಗಾಜಿನ ಮುಂದೆ ಕಳೆಯುವುದು. ಗಾಜಿನ ಹೊರಮೈಗೆ ಬಟ್ಟೆಯನ್ನೋ ಕಾಗದವನ್ನೋ ಹೊದಿಸಿದರೆ, ಅಥವಾ ಸಾಬೂನನ್ನು ಬಳಿದರೆ, ಬಿಂಬವು ಅಳಿಯುತ್ತದೆ. ಒಳಗಿನ ಪರದೆಯಿಂದ ಇದು ಸಾಧಿಸುವುದು ಕಷ್ಟ. ಗಾಜಿನಲ್ಲಿ ಆಕಾಶವನ್ನೂ ಮರಗಳನ್ನೂ ಕಂಡು ವೇಗವಾಗಿ ಹಾರಿ ಬಡಿದು ಸಾಯುವ ಹಕ್ಕಿಗಳ ವಿಷಯವು ಬೇರೆ, ಘೋರತರವಾದುದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹೀಗೆ ಪ್ರತಿವರ್ಷ ೩೬.೫ ಕೋಟಿಯಿಂದ ೯೮.೮ ಕೋಟಿ ಹಕ್ಕಿಗಳು ಸಾಯುವುವೆಂದು ೨೦೧೪ರ ಒಂದು ಗಣನೆಯು ಹೇಳುತ್ತದೆ. ಹೊರಮೈಯಲ್ಲಿ ಒತ್ತೊತ್ತಾಗಿ ಗುರುತುಗಳನ್ನು ಮಾಡಿದರೆ ಈ ಸಾವುಗಳೂ ಕಡಿಮೆಯಾಗುತ್ತವೆ. ಕಿಟಕಿಯನ್ನು ಕುಟ್ಟುವ ಹಕ್ಕಿಯು ನಮಗೆ ಯಾವ ಸುದ್ದಿಯನ್ನೂ ತಂದಿಲ್ಲ. ಅದರ ಎಲ್ಲೆಯೊಳಕ್ಕೆ ಕನ್ನಡಿಯನ್ನು ತಂದವರು ನಾವು.