ಮೂರು ವಾರದ ಕೆಲಸ, ಮುಗಿಯದ ಹಠ: ಪಿಟ್ಸ್‌ಬರ್ಗ್‌ನ ಬೆಂಕಿ ಮತ್ತು ಒಂದು ಕ್ಯಾಮೆರಾ

ಇವತ್ತಿನ ಕಂತಿನಲ್ಲಿ ಒಂದು ಊರು, ಒಬ್ಬ ಫೋಟೋಗ್ರಾಫರ್, ಮತ್ತೆ ಅರ್ಧಕ್ಕೇ ಉಳಿದುಹೋದ ಒಂದು ಕೆಲಸದ ಕಥೆ ಹೇಳ್ತೀನಿ.

ಊರು ಅಮೆರಿಕದ ಪಿಟ್ಸ್‌ಬರ್ಗ್, ವರ್ಷ 1955. ನದಿ ದಂಡೆಯ ಉದ್ದಕ್ಕೂ ಉಕ್ಕಿನ ಕಾರ್ಖಾನೆಗಳು. 1940ರ ದಶಕದಲ್ಲಿ ಅಲ್ಲಿ ಹೊಗೆ ಎಷ್ಟಿತ್ತು ಅಂದ್ರೆ, ಕೆಲವು ದಿನ ಮಟಮಟ ಮಧ್ಯಾಹ್ನವೇ ಬೀದಿದೀಪ ಹಚ್ಚಬೇಕಾಗ್ತಿತ್ತು. ಆಮೇಲೆ ಹೊಗೆ ನಿಯಂತ್ರಣದ ಕಾನೂನು ಜಾರಿಗೆ ಬಂತು, ಊರು ಬದಲಾಗತೊಡಗಿತು. ಈ ಹೊಸ ಪಿಟ್ಸ್‌ಬರ್ಗ್ ಬಗ್ಗೆ ಒಂದು ಪುಸ್ತಕ ಬೇಕು ಅಂತ ಊರಿನ ಪ್ರಮುಖರಿಗೆ ಆಸೆ. ಪುಸ್ತಕದ ಹೊಣೆ ಹೊತ್ತ ಸಂಪಾದಕ ಸ್ಟೀಫನ್ ಲೊರಾಂಟ್, ಡಬ್ಲ್ಯೂ. ಯೂಜೀನ್ ಸ್ಮಿತ್ ಅವರನ್ನ ಕರೆಸಿದರು. ಒಪ್ಪಂದ ಸರಳ: ಮೂರು ವಾರ, 100 ಫೋಟೋ.

ಸ್ಮಿತ್ ಆಗಲೇ ದೊಡ್ಡ ಹೆಸರು. 1945ರಲ್ಲಿ ಒಕಿನಾವಾದಲ್ಲಿ ಯುದ್ಧದ ಫೋಟೋ ತೆಗೆಯುವಾಗ ತೀವ್ರವಾಗಿ ಗಾಯಗೊಂಡು ಬದುಕಿ ಬಂದವರು. ತಮ್ಮ ಫೋಟೋಗಳನ್ನ ಪತ್ರಿಕೆ ಹೇಗೆ ಬಳಸಬೇಕು ಅನ್ನೋ ಜಗಳದಲ್ಲಿ ‘ಲೈಫ್’ ಕೆಲಸವನ್ನೇ ಬಿಟ್ಟಿದ್ದರು.

ಈಗ ಕಾರ್ಖಾನೆ ಒಳಗೆ ಹೋಗೋಣ. ಅಲ್ಲಿ ಫೋಟೋ ತೆಗೆಯೋದು ಯಾಕೆ ಕಷ್ಟ? ಕರಗಿದ ಲೋಹ ಕಣ್ಣು ಕುಕ್ಕುವಷ್ಟು ಬೆಳಕು, ಅದರ ಸುತ್ತ ಕಗ್ಗತ್ತಲು. ಬೆಂಕಿಗೆ ಹೊಂದಿಸಿದರೆ ಮನುಷ್ಯ ಮಾಯ, ಮನುಷ್ಯನಿಗೆ ಹೊಂದಿಸಿದರೆ ಬೆಂಕಿ ಬರೀ ಬಿಳಿ ಮಚ್ಚೆ. 1920ರ ದಶಕದ ಕೊನೆಯಲ್ಲಿ ಮಾರ್ಗರೇಟ್ ಬರ್ಕ್-ವೈಟ್ ಕ್ಲೀವ್‌ಲ್ಯಾಂಡ್‌ನ ಓಟಿಸ್ ಸ್ಟೀಲ್‌ಗೆ ಹೋದಾಗ ಕಷ್ಟ ಇನ್ನೂ ಜಾಸ್ತಿ ಇತ್ತು. ಆಗಿನ ಫಿಲ್ಮಿಗೆ ಕೆಂಪು ಬೆಳಕು ಕಾಣ್ತಾನೇ ಇರಲಿಲ್ಲ. ಮೆಗ್ನೀಸಿಯಂ ಉರಿಸಿ ಬೆಳಕು ಮಾಡಿಕೊಂಡು ಅವರು ಚಿತ್ರ ಹಿಡಿದರು.

ಸ್ಮಿತ್ ಕಾಲಕ್ಕೆ ಫಿಲ್ಮ್ ಸುಧಾರಿಸಿತ್ತು, ಕೈಯಲ್ಲಿ ಹಿಡಿದು ಓಡಾಡೋ ಪುಟ್ಟ ಕ್ಯಾಮೆರಾಗಳಿದ್ದವು. ಆದರೂ ಅರ್ಧ ಕೆಲಸ ನಡೀತಿದ್ದದ್ದು ಡಾರ್ಕ್‌ರೂಮಿನಲ್ಲಿ. ಕಪ್ಪನ್ನ ಇನ್ನಷ್ಟು ಕಪ್ಪಾಗಿಸಿ, ಬೇಕಾದ ಕಡೆ ಮಾತ್ರ ರಾಸಾಯನಿಕ ಹಚ್ಚಿ ತಿಳಿಯಾಗಿಸಿ, ಒಂದೊಂದು ಪ್ರಿಂಟಿಗೂ ಗಂಟೆಗಟ್ಟಲೆ ಕೂರ್ತಿದ್ದರು.

ಅವರ ಒಂದು ಚಿತ್ರ ನನ್ನನ್ನ ಬಿಡೋದೇ ಇಲ್ಲ. ಒಬ್ಬ ಕಾರ್ಮಿಕ, ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ. ಕನ್ನಡಕದ ಗಾಜಿನಲ್ಲಿ ಬೆಂಕಿಯ ಪ್ರತಿಬಿಂಬ. ಇಡೀ ಕಾರ್ಖಾನೆ ಆ ಎರಡು ಗಾಜಿನೊಳಗೆ ಇದೆ, ಆದರೆ ಆತನ ಕಣ್ಣು ನಮಗೆ ಕಾಣಲ್ಲ. ಚಿತ್ರದ ಶೀರ್ಷಿಕೆಯಲ್ಲಿ ಹೆಸರೂ ಇಲ್ಲ. ಬರೀ ‘ಉಕ್ಕಿನ ಕಾರ್ಮಿಕ’. ಆ ಕಾಲದ ಕೈಗಾರಿಕಾ ಫೋಟೋಗಳ ವೈಭವ ಮತ್ತು ಕ್ರೌರ್ಯ ಎರಡೂ ಇಲ್ಲೇ ಇದೆ ಅನ್ಸುತ್ತೆ ನನಗೆ.

ಮೂರು ವಾರ ಮುಗೀತು, ಸ್ಮಿತ್ ಹೊರಡಲಿಲ್ಲ. ಕುಲುಮೆ ಬಿಟ್ಟು ಬೀದಿಗೆ ಬಂದರು. ಆಟ ಆಡೋ ಮಕ್ಕಳು, ಮುಷ್ಕರ, ಬೆಟ್ಟದ ಮೇಲಿನ ಮನೆಗಳು, ‘ಡ್ರೀಮ್ ಸ್ಟ್ರೀಟ್’ ಅನ್ನೋ ಬೋರ್ಡು, ಎಲ್ಲವೂ ಬೇಕಿತ್ತು. ಕೊನೆಗೆ ಸುಮಾರು 17,000 ನೆಗೆಟಿವ್! ಎರಡು ಬಾರಿ ಗುಗೆನ್‌ಹೈಮ್ ಫೆಲೋಶಿಪ್ ಸಿಕ್ಕರೂ ಸಾಲ ತೀರಲಿಲ್ಲ, ಸಂಸಾರ ಒಡೆಯಿತು. ದೊಡ್ಡ ಪತ್ರಿಕೆಗಳ ಜೊತೆ ಮಾತುಕತೆ ನಡೆದರೂ ಪುಟ ವಿನ್ಯಾಸದ ಹಕ್ಕು ಬಿಟ್ಟುಕೊಡಲು ಅವರು ಒಪ್ಪಲಿಲ್ಲ. 1959ರ ‘ಫೋಟೋಗ್ರಫಿ ಆ್ಯನ್ಯುಯಲ್’ನಲ್ಲಿ 88 ಚಿತ್ರ ಬಂದವು, ವಿನ್ಯಾಸವೂ ಅವರದೇ. ಅದನ್ನೂ ಅವರು ಸೋಲು ಅಂತಲೇ ಭಾವಿಸಿದರು.

ಸೋಲಾ ಇದು? ಮನೆಯವರಿಗೆ ಅದು ನಿಜವಾದ ನಷ್ಟ, ಅದನ್ನ ಕಲೆಯ ಹೆಸರಲ್ಲಿ ಮರೆಸೋಕೆ ಆಗಲ್ಲ. ಆದರೆ ಊರನ್ನ ಹೊಗಳೋ ಪುಸ್ತಕಕ್ಕೆ ಕರೆಸಿದ ಮನುಷ್ಯ, ಆ ಊರನ್ನ ನಡೆಸ್ತಿದ್ದವರ ಮುಖ ಹುಡುಕಿದರು. 1971ರಲ್ಲಿ ಅವರು ಜಪಾನಿನ ಮಿನಮಾಟಕ್ಕೆ ಹೋದರು. ಚಿಸ್ಸೋ ಕಾರ್ಖಾನೆ ಸಮುದ್ರಕ್ಕೆ ಬಿಟ್ಟ ಪಾದರಸದಿಂದ ಅಲ್ಲಿನ ಜನ ನರಳ್ತಿದ್ದರು. 1972ರಲ್ಲಿ ಅದೇ ಕಂಪನಿಯ ಇನ್ನೊಂದು ಘಟಕದ ಬಳಿ ಅವರ ಮೇಲೆ ಹಲ್ಲೆ ಆಯಿತು. ಕಣ್ಣಿಗೆ ಏಟು ಬಿದ್ದರೂ ಅವರು ಕೆಲಸ ಬಿಡಲಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಕಾರ್ಖಾನೆಯಿಂದ ಬೀದಿಗೆ ನಡೆದ ದಾರಿಯೇ ಅವರನ್ನ ಅಲ್ಲಿಗೆ ಒಯ್ದದ್ದು ಅಂತ ನಾನು ನಂಬ್ತೀನಿ.

ನಮ್ಮಲ್ಲೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲೇ ಶುರುವಾಯಿತು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದ ಅಜ್ಜನದೋ ಅಪ್ಪನದೋ ಫೋಟೋ ನಿಮ್ಮ ಮನೆಯ ಹಳೇ ಟ್ರಂಕಿನಲ್ಲಿ ಇರಬಹುದು. ಫೋನಲ್ಲಿ ಸ್ಕ್ಯಾನ್ ಮಾಡೋ ಮೊದಲು ಒಂದು ಕೆಲಸ ಮಾಡಿ. ಪಕ್ಕದಲ್ಲಿ ನಿಂತವರು ಯಾರು ಅಂತ ಮನೆಯ ಹಿರಿಯರನ್ನ ಕೇಳಿ, ಫೋಟೋ ಹಿಂದೆ ಹೆಸರು ಬರೆದಿಡಿ. ಮುಂದಿನ ವಾರ ಸಿಗೋಣ.